ಪೆಂಗ್ವಿನ್ ಇಲ್ಲದ ಬೀಚಿನಲ್ಲಿ ಅಜ್ಜಿಯ ಮೊಸರನ್ನ

ನಾನು ಚಿಕ್ಕವನಿದ್ದಾಗಲೂ ಈ ಕರಾವಳಿಯಲ್ಲಿ ಪೆಂಗ್ವಿನ್ ಇರಲಿಲ್ಲ ಮಕ್ಕಳೇ. ಆದರೂ ನಾವು ನೋಡಲು ಹೋಗಿದ್ದೆವು. ತಪ್ಪು ಅಪ್ಪನದು. ಕೊರೋನಾ ಕಾಲ ಮುಗಿದು ಜನ ಮಾಸ್ಕ್ ಬಿಚ್ಚಿಟ್ಟಿದ್ದ ಬೇಸಿಗೆ ಅದು. ಅಮೆರಿಕದ ರಾಲಿ ಊರಿನ ನಮ್ಮ ಮನೆಗೆ ಅಜ್ಜಿ ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದಳು. ಅಪ್ಪನ ಫೋನಿಗೆ ಯಾರೋ ಒಂದು ಫೋಟೋ ಕಳಿಸಿದ್ದರು. ಎರಡೂವರೆ ಗಂಟೆ ದೂರದ ಬೀಚಿನಲ್ಲಿ ನೂರಾರು ಹಕ್ಕಿಗಳು. ಕಪ್ಪು ಬೆನ್ನು, ಬಿಳಿ ಹೊಟ್ಟೆ.

"ಪೆಂಗ್ವಿನ್ನೇ ಕಣ್ರೋ! ಶನಿವಾರ ಹೊರಡೋಣ," ಅಂದರು ಅಪ್ಪ.

"ಅಪ್ಪ, ಸೀರಿಯಸ್ಲಿ? ನಾರ್ತ್ ಕೆರೊಲಿನಾದಲ್ಲಿ ಪೆಂಗ್ವಿನ್ಸ್ ಇರಲ್ಲ," ಅಂದಳು ಅಕ್ಕ.

"ಆಫ್ರಿಕಾದ ಬೀಚಲ್ಲಿ ಇರತ್ತಂತೆ. ಇಲ್ಲಿ ಇರಬಾರದು ಅಂತ ರೂಲ್ಸ್ ಇದ್ಯಾ?"

ಅಪ್ಪನಿಗೆ ಸಂದೇಹ ಎನ್ನುವುದು ಹುಟ್ಟಿನಿಂದಲೇ ಇರಲಿಲ್ಲ.

ಕಾಲು ಸುಡುವ ಮರಳಿನಲ್ಲಿ ಕುಣಿಯುತ್ತ ನಡೆದೆವು. ಉಪ್ಪುಗಾಳಿಯಲ್ಲಿ ಮೀನಿನ ವಾಸನೆ. ಬೀಚಿನ ತುದಿಯಲ್ಲಿ ಗೂಟ ನೆಟ್ಟು ಹಗ್ಗ ಕಟ್ಟಿದ್ದರು. ಹಗ್ಗದಾಚೆ ಫೋಟೋದ ಹಕ್ಕಿಗಳು! "ನೋಡಿದ್ರಾ?" ಎಂದು ಅಪ್ಪ ಕೈ ಚಾಚುವುದಕ್ಕೂ ನೂರು ಪೆಂಗ್ವಿನ್ ಒಟ್ಟಿಗೆ ರೆಕ್ಕೆ ಬಿಚ್ಚಿ ಹಾರುವುದಕ್ಕೂ ಸರಿಹೋಯಿತು. ಅಕ್ಕ ಬಿದ್ದು ಬಿದ್ದು ನಕ್ಕಳು.

ಅವು ಸ್ಕಿಮ್ಮರ್ ಎಂಬ ಹಕ್ಕಿಗಳು ಎಂದು ಅಲ್ಲಿ ಬೋರ್ಡಿತ್ತು. ಕೆಂಪು ಕೊಕ್ಕಿನ ಕೆಳಗಿನ ಭಾಗ ಮೇಲಿನದಕ್ಕಿಂತ ಉದ್ದ. ಕೂಗು ನಾಯಿಮರಿ ಬೊಗಳಿದ ಹಾಗೆ. ಗೂಡಿಲ್ಲ; ಮರಳನ್ನು ಕೆದರಿದ ಗುಳಿಯಲ್ಲಿ ಮರಳಿನದೇ ಬಣ್ಣದ ಮರಿಗಳು. ನನಗಂತೂ ಪೆಂಗ್ವಿನ್ ಮರೆತೇಹೋಯಿತು.

ಊಟಕ್ಕೆ ಅಲ್ಲೇ ಹತ್ತಿರ ಚಾಪೆ ಹಾಸಿದೆವು. ಅಜ್ಜಿಗೆ ಒಂದು ರೂಢಿಯಿತ್ತು. ಕಾಗೆಗೆ ಒಂದು ಹಿಡಿ ಅನ್ನ ಇಡದೆ ತಾನು ಬಾಯಿಗಿಡುತ್ತಿರಲಿಲ್ಲ. ರಾಲಿಯಲ್ಲೂ ಹಿತ್ತಿಲ ಮರದ ಜಗಲಿಯ ಮೇಲೆ ದಿನಾ ಇಡುತ್ತಿದ್ದಳು. ಇಲ್ಲಿ ಒಂದೂ ಕಾಗೆ ಕಾಣಲಿಲ್ಲ. "ಯಾವ ಹಕ್ಕಿ ಆದ್ರೇನು, ಹಸಿವು ಒಂದೇ," ಎಂದು ಹಗ್ಗದ ಬದಿಗೆ ಒಂದು ಹಿಡಿ ಮೊಸರನ್ನ ಇಟ್ಟಳು.

ಮೊದಲು ಒಂದು ಗಲ್ ಬಂತು. ಕಪ್ಪು ತಲೆಯ, ಗಹಗಹಿಸಿ ನಕ್ಕಂತೆ ಕೂಗುವ ಕಡಲ ಹಕ್ಕಿ. ನೋಡನೋಡುತ್ತಿದ್ದಂತೆ ಮೂವತ್ತಾದವು. ಅನ್ನ ಮುಗಿದದ್ದೇ ಅವುಗಳ ಕಣ್ಣು ಹಗ್ಗದಾಚೆಯ ಮರಿಗಳ ಮೇಲೆ ಬಿತ್ತು. ಸ್ಕಿಮ್ಮರ್‌ಗಳು ಬೊಗಳುತ್ತ ಮೇಲೆದ್ದವು. ಗಾಬರಿಬಿದ್ದ ಒಂದು ಮರಿ ಹಗ್ಗದಡಿ ನುಸುಳಿ ಬಯಲಿಗೆ ಓಡಿಬಂದು, ಮರಳಿಗೆ ಅಂಟಿ ಮಲಗಿಬಿಟ್ಟಿತು. ಹಕ್ಕಿಗಳನ್ನು ಕಾಯುತ್ತಿದ್ದ ಟೋಪಿಯ ಹೆಂಗಸೊಬ್ಬರು ಓಡಿಬಂದರು. "ನೋ ಫುಡ್, ಪ್ಲೀಸ್! ದೇ ವಿಲ್ ಟೇಕ್ ದ ಚಿಕ್ಸ್!"

"ಅಜ್ಜಿ, ಈ ಗಲ್ಸ್ ಮರಿಗಳನ್ನ ತಿಂದ್ಬಿಡತ್ತಂತೆ. ನಿನ್ ರೈಸ್‌ಗೆ ಅಂತ ಬಂದಿದ್ದು," ಅಂದಳು ಅಕ್ಕ.

ಅಜ್ಜಿಯ ಮುಖ ಸಪ್ಪಗಾಯಿತು. ನಾನು ಮರಿಯನ್ನು ಎತ್ತಿಕೊಳ್ಳಲು ಓಡಿದೆ. ಮುಟ್ಟಬೇಡ ಎಂದು ಆ ಹೆಂಗಸು ತಡೆದರು. ಅಪ್ಪ ಟವೆಲ್ ಬೀಸಿದರು. ಗಲ್‌ಗಳು ಎದ್ದಂತೆ ಮಾಡಿ ಮತ್ತೆ ಅಲ್ಲಿಯೇ ಇಳಿದವು, ಮರಿಗೆ ಇನ್ನೂ ಹತ್ತಿರ.

"ಅನ್ನಕ್ಕೆ ತಾನೇ ಬಂದಿದ್ದು? ಕರೆದವಳು ನಾನು, ಕರ್ಕೊಂಡು ಹೋಗೋಳೂ ನಾನೇ," ಎಂದು ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊಸರನ್ನದ ಡಬ್ಬಿಯನ್ನು ಎತ್ತಿ ಹಿಡಿದು, ಚಮಚದಿಂದ ಟಣಟಣ ಬಡಿಯುತ್ತ, ನಾಲ್ಕು ನಾಲ್ಕು ಅಗುಳು ಮುಂದಕ್ಕೆ ಎಸೆಯುತ್ತ ನೀರಿನಂಚಿನಲ್ಲಿ ಹೊರಟಳು. ಒಂದು ಗಲ್ ತಿರುಗಿತು. ಆಮೇಲೆ ಹತ್ತು. ಆಮೇಲೆ ಇಡೀ ಹಿಂಡು ಅಜ್ಜಿಯ ತಲೆಯ ಮೇಲೆ! ನಾನು ಛತ್ರಿ ಬಿಚ್ಚಿ ಹಿಂದೆ ಓಡಿದೆ. ರೆಕ್ಕೆಗಳು ಕೆನ್ನೆಗೆ ಬಡಿಯುತ್ತಿದ್ದವು. ಭಯಕ್ಕೆ ಅತ್ತೂಬಿಟ್ಟೆ, ಆದರೆ ಅಜ್ಜಿಯ ಪಕ್ಕ ಬಿಡಲಿಲ್ಲ. ಅಜ್ಜಿ ಮಾತ್ರ, "ತಾಳ್ರೋ, ಏನು ಅವಸರ!" ಎಂದು ಗದರುತ್ತ, ದೂರದಲ್ಲಿ ಜನ ಮೀನು ಹಿಡಿಯುವ ಕಟ್ಟೆಯವರೆಗೂ ನಡೆದು, ಉಳಿದ ಅನ್ನವನ್ನೆಲ್ಲ ಅಲ್ಲಿ ಸುರಿದಳು.

ನಾವು ತಿರುಗಿ ಬರುವಷ್ಟರಲ್ಲಿ ಮರಿ ಹಗ್ಗದಾಚೆ ತಾಯಿಯ ರೆಕ್ಕೆಯಡಿ ಸೇರಿತ್ತು. ಕಾವಲಿನ ಹೆಂಗಸು ಅಜ್ಜಿಯ ಎರಡೂ ಕೈ ಹಿಡಿದುಕೊಂಡರು. ಅಜ್ಜಿಗೆ ಅವರ ಮಾತು ತಿಳಿಯಲಿಲ್ಲ, ಅವರಿಗೆ ಅಜ್ಜಿಯದು. ಇಬ್ಬರ ಕಣ್ಣಲ್ಲೂ ನೀರಿತ್ತು. ನನಗೆ ಅಜ್ಜಿಯ ಮೇಲೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಮಕ್ಕಳೇ, ಆ ಮರಳಿನ ತುದಿ ಈಗ ನೀರಿನಡಿ ಇದೆ. ನಮಗೆ ಕಾರಿಳಿದು ನಡೆದರೆ ಸಿಗುತ್ತಿದ್ದ ಹಕ್ಕಿಗಳಿಗಾಗಿ ನೀವು ದೋಣಿಯಲ್ಲಿ ಹೋಗುತ್ತೀರಿ. ಅವು ಮೊಟ್ಟೆಯಿಡಲೆಂದು ಶಾಲೆಯವರೆಲ್ಲ ಸೇರಿ ಬುಟ್ಟಿ ಬುಟ್ಟಿ ಕಪ್ಪೆಚಿಪ್ಪು ಹೊತ್ತು ನೀರಿನ ನಡುವೆ ದಿಬ್ಬ ಕಟ್ಟುತ್ತಿದ್ದೀರಿ. ಅಜ್ಜಿ ತನ್ನ ತಪ್ಪನ್ನು ಅನ್ನ ಕಲಸಿದ ಕೈ ಒಣಗುವ ಮೊದಲೇ ತಿದ್ದಿದಳು. ಸಮುದ್ರ ಮೇಲೇರುತ್ತಿದೆ ಎಂದು ಗೊತ್ತಿದ್ದೂ ನಾವು ಕೈಕಟ್ಟಿ ಕುಳಿತು, ನಮ್ಮ ತಪ್ಪನ್ನು ತಿದ್ದುವ ಕೆಲಸವನ್ನು ನಿಮಗೆ ಬಿಟ್ಟೆವು. ನನಗೆ ನಾಚಿಕೆಯಾಗುತ್ತದೆ. ಮೊನ್ನೆ ನಿಮ್ಮಲ್ಲಿ ಚಿಕ್ಕವಳು ಕೇಳಿದಳು: "ತಾತ, ಬರ್ಡ್ಸ್ ಬರತ್ತಾ?"

ಬರತ್ತೆ ಪುಟ್ಟಿ, ಖಂಡಿತ ಬರತ್ತೆ. ನಾಳೆ ಹೋಗುವಾಗ ನನಗೂ ಒಂದು ಬುಟ್ಟಿ ತಗೋ.