ಸೀಸವೋ ಸೀಸೆಯೋ

ನಮ್ಮೂರು ಹಣಕೋಣದಲ್ಲಿ ನನ್ನೆದುರು ಕೆಮ್ಮಲಿಕ್ಕೂ ಜನ ಹೆದರುತ್ತಾರೆ. ಸಂಜೆಯೊಳಗೆ ಆ ಕೆಮ್ಮು ನನ್ನ ಗಂಟಲಿನಿಂದ ಇಡೀ ಕೇರಿಗೆ ಕೇಳಿಸುತ್ತದೆ. ಅಂಥ ನಾನು ಕಳೆದ ವರ್ಷ ಅಪ್ಪನ ಏದುಸಿರನ್ನು ಒಮ್ಮೆ ಮಾತ್ರ ಅಣಕಿಸಿದೆ. ಆಯಿ ನಗಲಿಲ್ಲ. ನಾನು ಮತ್ತೆ ಅಣಕಿಸಲಿಲ್ಲ.

ಅಪ್ಪನಿಗೆ ಎರಡು ಬಗೆಯ ಮಾತ್ರೆ ನುಂಗಿದರೂ ಬಿ.ಪಿ. ಇಳಿಯುತ್ತಿರಲಿಲ್ಲ. ಹೀಗೇ ಆದರೆ ಹೃದಯ ಸೋಲುತ್ತದೆ ಎಂದರು ಕಾರವಾರದ ಡಾಕ್ಟರು. ಏನು ಕೆಲಸ ಎಂದು ಕೇಳಿದರು.

"ಗದ್ದೆ ಕೆಲ್ಸ. ಪುರಸೊತ್ತಾದ್ರೆ ಹೊಳೆಯಾಗೆ ಬಲೆ ಬೀಸೂದು," ಎಂದ ಅಪ್ಪ.

ಅಷ್ಟಕ್ಕೆ ಸುಮ್ಮನಿರುವ ಜಾಯಮಾನ ನನ್ನದಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಪ್ಪನ ಬಲೆಗಾರಿಕೆಯನ್ನು ಅಭಿನಯಿಸಿ ತೋರಿಸಿದೆ: ಹಳೇ ಬ್ಯಾಟರಿ ಒಡೆದು ಒಳಗಿನದನ್ನು ಬಾಣಲೆಯಲ್ಲಿ ಕರಗಿಸುವುದು, ಹೊಗೆಯಲ್ಲಿ ಮುಖವಿಟ್ಟು ಊದುವುದು, ಎರಕ ಹೊಯ್ದ ಗುಂಡುಗಳನ್ನು ಬಲೆಯಂಚಿಗೆ ಹಲ್ಲಿನಿಂದ ಕಚ್ಚಿ ಕೂರಿಸುವುದು. ನರ್ಸ್ ಕಿಸಕ್ಕೆಂದರು. ಡಾಕ್ಟರು ಪೆನ್ನು ಕೆಳಗಿಟ್ಟರು.

"ಎಷ್ಟು ವರ್ಷದಿಂದ?"

ಅಪ್ಪ ಬೆರಳು ಮಡಚಿ ಮಡಚಿ ಸೋತ. ರಕ್ತ ಪರೀಕ್ಷೆಗೆ ಹೋಯಿತು.

ವರದಿ ಬಂದ ದಿನ ಡಾಕ್ಟರು ಹೇಳಿದ್ದಿಷ್ಟೆ: "ರಕ್ತದಲ್ಲಿ ಸೀಸ ಜಾಸ್ತಿ ಇದೆ."

ನಮ್ಮ ಮನೆಯಲ್ಲಿ ಆ ಲೋಹಕ್ಕೆ ‘ಗುಂಡು’ ಎನ್ನುವುದೇ ರೂಢಿ. ಸೀಸ ಎಂದರೆ ಶಾಲೆಯಲ್ಲಿ ಓದಿದ ನನ್ನ ಬಿಟ್ಟು ಯಾರಿಗೆ ಗೊತ್ತು? ಸಾರಾಯಿ ಸೀಸೆ ಮಾತ್ರ ಚೆನ್ನಾಗಿ ಗೊತ್ತು, ಅಪ್ಪನ ಹಳೇ ದೋಸ್ತಿ ಅದು.

"ದೇವ್ರಾಣೆ ಡಾಕ್ಟ್ರೇ, ನಾಕು ವರ್ಷಾತು, ನಾ ಮುಟ್ಲಿಲ್ಲ!" ಅಪ್ಪ ಎದ್ದೇ ನಿಂತ.

"ಮುಟ್ಟದೇ ಅದು ರಕ್ತಕ್ಕೆ ಹಾರಿ ಹೋಯ್ತಾ?" ಆಯಿಯ ಕಣ್ಣು ತುಂಬಿತು. "ತುಳಸಿ ಮುಟ್ಟಿ ಆಣೆ ಹಾಕಿದ್ರಿ ನೀವು."

"ಆಯೀ, ಸೀಸೆ ಅಲ್ಲ, ಸೀಸ! ಬಲೆ ಗುಂಡಿಂದು!" ಎಂದು ನಾನು ಕೂಗಬೇಕಾಯಿತು. ಗಂಡನ ರಕ್ತದಲ್ಲಿ ವಿಷವಿದೆ ಎಂದು ಕೇಳಿ ನಿಟ್ಟುಸಿರು ಬಿಟ್ಟ ಹೆಂಗಸು ನಮ್ಮ ತಾಲೂಕಿನಲ್ಲಿ ಆಯಿಯೊಬ್ಬಳೇ ಇರಬೇಕು. ಹೆದರಿಕೆ ಆಮೇಲೆ ಬಂತು.

ಡಾಕ್ಟರು ಸಮಾಧಾನ ಹೇಳಿದರು. ತಾವು ಬರೆದುಕೊಟ್ಟ ಔಷಧ ಏಡಿಯಂತೆ, ನಮ್ಮ ಮಾತಲ್ಲಿ ಕುರ್ಲಿಯಂತೆ; ಕೊಂಬಿನಲ್ಲಿ ಸೀಸವನ್ನು ಕಚ್ಚಿ ಹಿಡಿದು ಮೂತ್ರದಲ್ಲಿ ಹೊರಗೆ ಎಳೆದೊಯ್ಯುತ್ತದೆ. ಆದರೆ ಕರಗಿಸುವುದು ನಿಲ್ಲದಿದ್ದರೆ ಕುರ್ಲಿಯೂ ಏನೂ ಮಾಡಲಾರದು.

"ಸೋಮವಾರ ತಿಂದ್ರೆ ಅಡ್ಡಿ ಇಲ್ವಾ?" ಅಪ್ಪ ನಿಜಕ್ಕೂ ಕೇಳಿದ. ಸೋಮವಾರ ನಮ್ಮಲ್ಲಿ ಮೀನು, ಕುರ್ಲಿ ಯಾವುದೂ ಇಲ್ಲ.

ಆ ಗುಳಿಗೆಗೆ ಕೊಳೆತ ಮೊಟ್ಟೆಯ ವಾಸನೆ. ಅಪ್ಪ ಮೂಗು ಹಿಡಿದು ನುಂಗಿದ, ಡಾಕ್ಟರು ಕರೆದಾಗಲೆಲ್ಲ ಹೋಗಿ ರಕ್ತ ಕೊಟ್ಟ. ಬಾಣಲೆಯನ್ನು ಮತ್ತೆ ಒಲೆಗೇರಿಸಲಿಲ್ಲ. ಬಲೆಗೆ ಈಗ ಗುಂಡಿನ ಬದಲು ಕಬ್ಬಿಣದ ತೆಳು ಸರಪಳಿ. ನನ್ನ ರಕ್ತವನ್ನೂ ನೋಡಿದರು. ಸ್ವಲ್ಪ ಇತ್ತು, ಔಷಧ ಬೇಕಾಗುವಷ್ಟಲ್ಲ.

"ಹಂಗಾರೆ ಇವನ ತಲೆ ಹಿಂಗಿರೂದು ಸೀಸದಿಂದ ಅಲ್ಲ," ಎಂದಳು ಆಯಿ.

ಮೊನ್ನೆ ಕೊನೆಯ ವರದಿ ಬಂತು. ಸೀಸ ಬಹಳ ಇಳಿದಿದೆ, ಬಿ.ಪಿ. ಒಂದೇ ಮಾತ್ರೆಗೆ ಬಗ್ಗಿದೆ, ಹೃದಯಕ್ಕೆ ಪೆಟ್ಟು ಬಿದ್ದಿಲ್ಲ. ಅಂಕೋಲೆಯ ಅತ್ತೆಗೆ ಸುದ್ದಿ ಹೇಳಲು ಆಸ್ಪತ್ರೆಯಿಂದಲೇ ಬಸ್ಸು ಹತ್ತಿದೆವು. ಡಾಕ್ಟರು ಹೇಳಿದ್ದನ್ನು ಆಯಿ ಬಿಣಗಾ ದಾಟುವುದರೊಳಗೆ ಅಪ್ಪನಿಂದ ಮೂರು ಸಲ ಹೇಳಿಸಿದಳು. ನಾಲ್ಕನೇ ಸಲ ಕೇಳಿದಾಗ ಅಪ್ಪ ಬಾಯಿ ತೆರೆಯುವ ಮೊದಲೇ ಕಂಡಕ್ಟರ್ ಹೇಳಿದ:

"ಹೃದಯ ಗಟ್ಟಿ ಅದೆ ಅಕ್ಕಾ, ಪೆಟ್ಟು ಬೀಳ್ಲಿಲ್ಲ. ಈಗಾದ್ರೂ ಟಿಕೆಟ್ ತಗೊಳ್ಳಿ."