ಮರಿಯ ಕಿವಿಗೆ ಗುರುತು ಹಾಕುವ ಚಾಕು

ನನ್ನ ಗಂಡ ಟೆರೆಂಟಿ ಒಳ್ಳೆಯವನಾಗಿದ್ದ ಎಂದು ಊರೆಲ್ಲ ಹೇಳುತ್ತದೆ. ಹೇಳಲಿ. ಅವನ ಜೊತೆ ಬಾಳಿದವಳು ನಾನು. ಒಳ್ಳೆಯವನೇ, ಇಲ್ಲ ಅನ್ನಲಾರೆ. ಆದರೆ ಅವನ ತಲೆಯೊಳಗೆ ಒಂದು ಮಾತು ಹೊಕ್ಕಿತೆಂದರೆ ದೇವರೇ ಇಳಿದು ಬಂದರೂ ಅದನ್ನು ಹೊರಗೆ ಎಳೆಯಲು ಆಗುತ್ತಿರಲಿಲ್ಲ. ಆ ಒಂದು ಮಾತಿನಿಂದ ನಮ್ಮ ದ್ವೀಪದ ಬಾಯಿಗೆ ಮಣ್ಣು ಬಿತ್ತು.

ಅಲಾಸ್ಕಾದ ಈ ಕಡಲಿನ ನಡುವೆ ನಾವು ಹುಟ್ಟಿದ್ದೇ ಸೀಲ್ ಎನ್ನುವ ಕಡಲಪ್ರಾಣಿಯನ್ನು ಹೊಡೆಯುವುದಕ್ಕೆ. ಬೇಸಿಗೆಗೆ ಸೀಲ್‌ಗಳು ದಡಕ್ಕೆ ಬರುತ್ತವೆ, ಗಂಡಸರು ದೊಣ್ಣೆ ಹಿಡಿದು ಹೋಗುತ್ತಾರೆ, ಚರ್ಮ ಸರ್ಕಾರದ ಹಡಗು ಹತ್ತುತ್ತದೆ. ನಮಗೆ ಉಳಿಯುವುದು ಮಾಂಸ, ಮತ್ತೆ ಎಷ್ಟು ತೊಳೆದರೂ ಹೋಗದ ಕೊಬ್ಬಿನ ವಾಸನೆ. ಆ ಕೆಲಸದಲ್ಲಿ ಒಂದೇ ಕಟ್ಟಳೆ: ಎಳೆಯ ಗಂಡು ಸೀಲನ್ನು ಮಾತ್ರ ಹೊಡೆಯಬೇಕು, ಹೆಣ್ಣಿನ ಮೇಲೆ ಕೈ ಎತ್ತಕೂಡದು. ಟೆರೆಂಟಿಯ ಅಪ್ಪ ಮಗನಿಗೆ ಪ್ರಾರ್ಥನೆ ಕಲಿಸುವ ಮುಂಚೆ ಇದನ್ನು ಕಲಿಸಿದ್ದ.

ಆಮೇಲೆ ಒಂದು ವರ್ಷ ಹಡಗಿನಲ್ಲಿ ಹಿಮಸಾರಂಗಗಳು ಬಂದವು. ಸಣ್ಣ ಹಿಂಡು, ಗುಡ್ಡದ ಮೇಲೆ ಬಿಟ್ಟರೆ ಮಂಜಿನಲ್ಲಿ ಕಾಣಿಸುತ್ತಲೂ ಇರಲಿಲ್ಲ. ಇವು ನಿಮ್ಮವು, ಸಾಕಿಕೊಂಡು ತಿನ್ನಿ ಎಂದರು ಹಡಗಿನವರು. ನಮ್ಮವು! ಆ ಮಾತನ್ನು ನಮ್ಮೂರು ಅದುವರೆಗೆ ಕೇಳಿರಲಿಲ್ಲ. ಹಿಂಡು ಕಾಯುವ ಕೆಲಸ ಟೆರೆಂಟಿಗೆ ಬಂತು. ಮುರಿದ ಗರಗಸದ ಅಲಗಿಗೆ ಮೂಳೆಯ ಹಿಡಿ ಕೂರಿಸಿ ಅವನೊಂದು ಚಾಕು ಮಾಡಿಕೊಂಡ. ವಸಂತದಲ್ಲಿ ಹುಟ್ಟಿದ ಮರಿಗಳ ಕಿವಿಯಂಚನ್ನು ಅದರಿಂದ ಕೊಂಚವೇ ಕೊಯ್ದು ಗುರುತು ಹಾಕುತ್ತಿದ್ದ. ತಾಯಿ ಸತ್ತ ಮರಿಗಳನ್ನು ತಂದು ನನ್ನ ಒಲೆಯ ಪಕ್ಕ ಮಲಗಿಸುತ್ತಿದ್ದ. ನಾನು ಬೈಯುತ್ತ ಬೈಯುತ್ತಲೇ ಡಬ್ಬಿ ಹಾಲು ಕುಡಿಸುತ್ತಿದ್ದೆ.

ಹಿಂಡು ಬೆಳೆಯಿತು. ದ್ವೀಪದಲ್ಲಿ ತೋಳವಿಲ್ಲ, ಕರಡಿಯಿಲ್ಲ. ನೆಲದ ತುಂಬ ಪಾದ ಹುದುಗುವಷ್ಟು ಬಿಳಿ ಕಲ್ಲುಹೂವು. ಚಳಿಗಾಲದಲ್ಲಿ ಅವುಗಳಿಗೆ ಅದೇ ಊಟ. ಹಬ್ಬಕ್ಕೆ, ಮದುವೆಗೆ ಕಡಿಯುವಾಗ ಟೆರೆಂಟಿ ಗಂಡು ಸಾರಂಗವನ್ನೇ ಆರಿಸುತ್ತಿದ್ದ. ಹೆಣ್ಣು ವರ್ಷವರ್ಷವೂ ಈಯುತ್ತಿತ್ತು, ಹುಟ್ಟಿದ್ದು ಹೆಣ್ಣಾದರೆ ಬೇಗನೆ ಅದೂ ಈಯುತ್ತಿತ್ತು. ನೂರಾಯಿತು, ಸಾವಿರವಾಯಿತು, ಕೊನೆಗೆ ಎಣಿಸುವುದನ್ನೇ ಬಿಟ್ಟೆವು. ಊರಿಗೆ ಊರೇ ಬೀಗಿತು.

ಬೀಗದೆ ಇದ್ದವನು ನನ್ನ ಮೈದುನ ಜಖಾರ್ ಒಬ್ಬನೇ. ಕುಡುಕ, ಬಾಯಿಹರುಕ. ಚಳಿ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಬಂದು ಕೂತು ಟೀ ಸುರಿದುಕೊಂಡ.

"ಅಣ್ಣಾ, ಗುಡ್ಡದ ಆ ಕಡೆ ಹೋಗಿದ್ದೆ. ನೆಲ ನನ್ನ ತಲೆ ಥರ ಬೋಳಾಗಿದೆ ಕಣೋ. ಅರ್ಧಕ್ಕರ್ಧ ಹೆಣ್ಣು ಹೊಡೆದುಬಿಡು. ಉಪ್ಪು ಹಾಕಿ ಪೀಪಾಯಿಗೆ ತುಂಬೋಣ."

"ಹೆಣ್ಣು ಹೊಡೀಬೇಕಾ? ಹೋಗಿ ಬಾಯಿ ತೊಳ್ಕೊ," ಎಂದ ಟೆರೆಂಟಿ. "ಅಪ್ಪ ಏನು ಹೇಳಿಕೊಟ್ಟಿದ್ದ?"

"ಅಪ್ಪ ಹೇಳಿದ್ದು ಸೀಲ್ ವಿಷಯ ಮಾರಾಯಾ! ಸೀಲ್‌ಗೆ ಹಸಿವಾದ್ರೆ ಕಡಲಿಗೆ ಹೋಗ್ತದೆ. ನಿನ್ನ ಸಾರಂಗ ಎಲ್ಲಿಗೆ ಹೋಗ್ತದೆ? ನಮ್ಮತ್ತಿಗೆ ಅಡುಗೆಮನೆಗಾ?"

ನಾನು ನಕ್ಕುಬಿಟ್ಟೆ. ಆಮೇಲೆ ನಗು ಬರಲಿಲ್ಲ. "ಕುಡಿದು ಹೇಳಿದ್ರೂ ಸರಿಯಾಗೇ ಹೇಳ್ತಿದಾನೆ. ಸ್ವಲ್ಪ ಕೇಳು," ಎಂದೆ.

"ನೀನೂ ಅವನ ಜೊತೆ ಸೇರ್ಕೊಂಡ್ಯಾ? ನಿನ್ನ ಒಲೆ ಪಕ್ಕ ಬೆಳೆದವು ಕಣೇ ಅವು!" ಎಂದು ಮುಖ ತಿರುಗಿಸಿದ. ಹಿಂಡಿನ ವಿಷಯದಲ್ಲಿ ಅವನದೇ ಕೊನೆಯ ಮಾತು. ಒಂದು ಹೆಣ್ಣನ್ನೂ ಹೊಡೆಯಲಿಲ್ಲ.

ಆ ಚಳಿಗಾಲ ಹಿಮದ ಮೇಲೆ ಮಳೆ ಸುರಿದು ಕಲ್ಲಿನಂತೆ ಹೆಪ್ಪುಗಟ್ಟಿತು. ಸಾರಂಗಗಳಿಗೆ ಕೆರೆದು ಕೆರೆದು ಕಾಲಲ್ಲಿ ರಕ್ತ ಬಂತು. ಕೆರೆದರೂ ಅಡಿಯಲ್ಲಿ ಏನಿತ್ತು, ನನ್ನ ಕರ್ಮ? ಕಲ್ಲುಹೂವನ್ನು ಅವೇ ತಿಂದು ಮುಗಿಸಿದ್ದವು. ಮತ್ತೆ ಬೆಳೆಯಲು ಅದಕ್ಕೆ ಒಂದು ತಲೆಮಾರು ಬೇಕು. ಈಸ್ಟರ್ ಹೊತ್ತಿಗೆ ಗುಡ್ಡದ ತುಂಬ ಹೆಣ. ಮೂಳೆಗೆ ಅಂಟಿದ ತೊಗಲು. ಬೇಯಿಸಿ ತಿನ್ನೋಣ ಎಂದರೂ ಮಾಂಸವಿರಲಿಲ್ಲ. ಜಖಾರ್ ಕೂಡ ಆಡಿಕೊಳ್ಳಲಿಲ್ಲ.

ಉಳಿದವು ಕೆಲವೇ ಕೆಲವು. ಅವುಗಳನ್ನು ನೋಡಿ ಟೆರೆಂಟಿ ಮುಖ ಅರಳಿಸಿಕೊಂಡು ಬಂದ. "ಎಲ್ಲಾ ಹೆಣ್ಣೇ ಕಣೇ! ನಾನು ಹೇಳಿರಲಿಲ್ವಾ? ಹೆಣ್ಣಿದ್ರೆ ಹಿಂಡು ಇದ್ದ ಹಾಗೆ. ಮತ್ತೆ ಬೆಳೀತದೆ."

"ಗಂಡು ಎಷ್ಟಿವೆ?" ಎಂದೆ.

ಅವನು ಹಾಗೇ ತಿರುಗಿ ಗುಡ್ಡ ಹತ್ತಿದ. ದ್ವೀಪದ ಮೂಲೆ ಮೂಲೆ ಹುಡುಕಿದ. ಇವನೇ ಕಡಿದು ಕಡಿದು ಗಂಡುಗಳು ಮೊದಲೇ ಕಡಿಮೆಯಾಗಿದ್ದವು. ಇದ್ದವೂ ಬೆದೆಯ ಕಾಲದಲ್ಲಿ ಕಾದಾಡಿ ಸೊರಗಿ, ಚಳಿ ತಡೆಯದೆ ಎಲ್ಲಕ್ಕಿಂತ ಮೊದಲು ಸತ್ತುಬಿದ್ದಿದ್ದವು. ಒಂದೂ ಉಳಿದಿರಲಿಲ್ಲ. ಆ ವಸಂತದಲ್ಲಿ ಹುಟ್ಟಿದ ನಾಲ್ಕಾರು ಮರಿಗಳು ಹಾಲಿಲ್ಲದೆ ಸತ್ತವು. ಟೆರೆಂಟಿ ಹಡಗಿನವರ ಬಳಿ ಹೋಗಿ ಒಂದೇ ಒಂದು ಗಂಡು ತಂದುಕೊಡಿ ಎಂದು ಅಂಗಲಾಚಿದ. "ಈ ಬೋಳು ಗುಡ್ಡಕ್ಕಾ?" ಎಂದು ಅವರು ನಕ್ಕರು.

ಆ ಹೆಣ್ಣುಗಳು ಬದುಕಿದವು, ಮುದಿಯಾದವು. ಪ್ರತಿ ವಸಂತವೂ ಟೆರೆಂಟಿ ಚಾಕು ಮಸೆದು ಗುಡ್ಡ ಹತ್ತುತ್ತಿದ್ದ. ಒಂದು ಸಲ ಕಿರುಚಿದೆ: "ಯಾರ ಕಿವಿ ಕುಯ್ಯೋಕೆ ಹೋಗ್ತೀಯೋ?"

"ಸುಮ್ನಿರೇ. ಯಾವುದಾದ್ರೂ ಗಂಡು ಎಲ್ಲಾದ್ರೂ ಬಚ್ಚಿಟ್ಕೊಂಡಿರಬಹುದು," ಎಂದ. ಬಚ್ಚಿಟ್ಟುಕೊಳ್ಳಲು ಈ ದ್ವೀಪದಲ್ಲಿ ಒಂದು ಮರವಾದರೂ ಇದೆಯೇ?

ಕೊನೆಯ ಹೆಣ್ಣು ಸಾರಂಗಕ್ಕಿಂತ ಮುಂಚೆ ಅವನೇ ಹೋದ. ಶವದ ಪೆಟ್ಟಿಗೆಗೆ ಮೊಳೆ ಹೊಡೆಯುವ ಮುಂಚೆ ಜಖಾರ್ ಆ ಚಾಕು ತಂದ. "ಅಣ್ಣನ ಜೊತೆ ಹೋಗ್ಲಿ ಅತ್ತಿಗೆ."

"ಬೇಡ, ಇಲ್ಲಿ ಕೊಡು," ಎಂದೆ. "ಕೊಟ್ಟು ಕಳಿಸಿದ್ರೆ ಅಲ್ಲೂ ಮರಿಗೆ ಕಾಯ್ತಾ ಕೂತಿರ್ತಾನೆ."

ಈಗ ಅದರಲ್ಲಿ ಮೀನು ಕೊಯ್ಯುತ್ತೇನೆ. ಇನ್ನೂ ಹರಿತವಾಗಿಯೇ ಇದೆ.