ಮೊದಲು ದಾಟಿದ ಹೋತ

ನನಗೆ ನೀರೆಂದರೆ ಮೊದಲಿನಿಂದಲೂ ಅಂಜಿಕೆ. ಇಂಡಿ ಕಡೆಯ ಒಣಭೂಮಿಯಲ್ಲಿ ಹುಟ್ಟಿದವರಿಗೆ ಕೊಡದೊಳಗಿನ ನೀರಷ್ಟೇ ಪರಿಚಯ. ಈಜು ನಮ್ಮ ಮನೆತನದಲ್ಲಿ ಯಾರಿಗೂ ಬಾರದು. ಅಂಥ ನಾನು ನಾಲ್ಕು ವರ್ಷದ ಮಗಳನ್ನು ಕಟ್ಟಿಕೊಂಡು, ನಿಡಗುಂದಿಯ ಆಚೆ ಗುಡ್ಡಗಳ ನಡುವೆ ಹರಡಿದ ನದಿಯ ಹಿನ್ನೀರಿನ ದಂಡೆಗೆ ಹೋದೆ. ಅಪ್ಪ ಅವ್ವ ಕುರಿ ಹಿಂಡಿನೊಂದಿಗೆ ಅಲ್ಲಿ ಬೀಡುಬಿಟ್ಟಿದ್ದರು. ಬೇಸಿಗೆಯಲ್ಲಿ ನೀರು ಸರಿದ ನೆಲದಲ್ಲಿ ಹುಲ್ಲು ಚೆನ್ನಾಗಿ ಬರುತ್ತದೆ. ಮಗಳು ಕುರಿಮರಿ ನೋಡಬೇಕೆಂದು ಹಟ ಹಿಡಿದಿದ್ದಳು. ಶನಿವಾರ ಸಿಂದಗಿಯಲ್ಲಿ ಶಾಲೆಯ ಪಾಠ ಮುಗಿಸಿ ಬಸ್ ಹತ್ತಿದೆ.

ಬಲೆ ಕಟ್ಟಿದ ಕುರಿದಡ್ಡಿ, ಪಕ್ಕದಲ್ಲಿ ತಾಡಪತ್ರಿಯ ಗುಡಾರ. ಮೂರು ಕಡೆ ನೀರು. ನಾಲ್ಕನೆಯ ಕಡೆ ಒಣಗಿದ ಹಳ್ಳ. ಅದನ್ನು ದಾಟಿದರೆ ರಸ್ತೆ. ಬಂದ ಕೂಡಲೇ ನೀರಿನ ಅಂಚಿಗೆ ಒಂದು ಗೂಟ ಬಡಿದೆ. ಹೊತ್ತು ಮುಳುಗುವಾಗ ನೋಡಿದರೆ ಗೂಟ ನೀರೊಳಗೆ ನಿಂತಿತ್ತು. ಅಪ್ಪನಿಗೆ ಹೇಳಿದೆ. ಆತ ತಲೆ ಎತ್ತಿ ಆಕಾಶ ನೋಡಿದ. ಮುಂಗಾರಿನ ಮೊದಲ ಮಿರಗದ ಮಳೆಯೇ ಬಿದ್ದಿರಲಿಲ್ಲ, ಒಂದು ತುಂಡು ಮೋಡವೂ ಇರಲಿಲ್ಲ.

"ಮ್ಯಾಲ ಇಲ್ಲದ ನೀರು ಕೆಳಗ ಎಲ್ಲಿಂದ ಬರತೈತಿ? ಗಾಳಿಗೆ ತೆರಿ ಬಡೀತಾವ," ಎಂದ.

ಸಾಲಿ ಕಲಿಸಿ ಕಲಿಸಿ ನನಗೆ ಹಗ್ಗವೂ ಹಾವಾಗಿ ಕಾಣುತ್ತದೆ ಎಂದು ಅವ್ವ ನಕ್ಕಳು. ದೂರದ ಘಟ್ಟದಲ್ಲಿ ಮಳೆಯಾದರೂ ನಮ್ಮ ನದಿ ಏರುತ್ತದೆ ಎಂದು ಮಕ್ಕಳಿಗೆ ಪಾಠ ಹೇಳುವವಳು ನಾನೇ. ಆದರೆ ಜೀವನವಿಡೀ ಆಕಾಶ ನೋಡಿ ಬದುಕಿದವನ ಮುಂದೆ ಬಾಯಿ ಏಳಲಿಲ್ಲ. ಸುಮ್ಮನೆ ಮಲಗಿದೆ. ಅದು ನನ್ನ ತಪ್ಪು.

ನಸುಕಿನಲ್ಲಿ ಕುರಿಗಳು ಒಂದೇ ಸಮನೆ ಒದರತೊಡಗಿದವು. ಎದ್ದು ಕಾಲಿಟ್ಟರೆ ಗುಡಾರದ ಬಾಯಲ್ಲೇ ನೆಲ ಹಸಿ. ಹಳ್ಳ ತುಂಬಿತ್ತು. ಸದ್ದಿಲ್ಲದೆ ಕೆಂಪು ನೀರು ನಮ್ಮನ್ನು ಸುತ್ತುಗಟ್ಟಿತ್ತು. ಮಗಳನ್ನು ಎದೆಗೆ ಎಷ್ಟು ಬಿಗಿಯಾಗಿ ಅವುಚಿಕೊಂಡೆನೆಂದರೆ ಆಕೆ ನಿದ್ದೆಗಣ್ಣಿನಲ್ಲೇ ಕೊಸರಾಡಿದಳು. ಆಕಾಶ ಮಾತ್ರ ತೊಳೆದಿಟ್ಟ ತಾಟಿನಂತಿತ್ತು.

ಹಳ್ಳ ಎಷ್ಟು ಆಳವೋ ಯಾರಿಗೂ ತಿಳಿಯದು. ತಡಮಾಡಿದಷ್ಟೂ ಏರುತ್ತದೆ ಎಂಬುದು ಮಾತ್ರ ತಿಳಿದಿತ್ತು. ಅಪ್ಪ ನನ್ನ ಕಡೆ ಬಂದ. ಕೂಸನ್ನು ಎತ್ತಿಕೊಳ್ಳಲು ಬಂದನೆಂದು ನಾನು ಮಗಳನ್ನು ಮುಂದೆ ಚಾಚಿದೆ. ಆತ ನಮ್ಮನ್ನು ಬಳಸಿ ಹೋಗಿ, ಹಿಂಡಿನ ಮುಂದೆ ನಡೆಯುವ ಹೋತದ ಕೋಡು ಹಿಡಿದು ಎಳೆದ. ಹೋತ ದಾಟಿದರೆ ಕುರಿಗಳೆಲ್ಲ ಅದರ ಹಿಂದೆ ಇಳಿಯುತ್ತವೆ. ಕುರಿ ಕಾಯುವವರ ಮನೆಯಲ್ಲಿ ಅದನ್ನು ಯಾರೂ ಹೇಳಿಕೊಡಬೇಕಿಲ್ಲ.

"ಅಪ್ಪಾ, ಮೊದಲ ಕೂಸು," ಎಂದೆ. ಆತ ತಿರುಗಲಿಲ್ಲ. ನನಗೆ ಅಂಜಿಕೆಗಿಂತ ಸಿಟ್ಟು ಮೇಲಾಯಿತು.

"ನನ್ನ ಮಗಳಿಗಿಂತ ಕುರಿನ ಹೆಚ್ಚಾದ್ವು ನಿನಗ. ಇನ್ನ ನಿನ್ನ ಮಾರಿ ನೋಡಂಗಿಲ್ಲ ನಾ."

ಅಪ್ಪ ನೀರಿಗಿಳಿದ. ಮೊಣಕಾಲು, ಸೊಂಟ, ಎದೆ. ನಡುವಿನಲ್ಲಿ ಒಮ್ಮೆಲೇ ಮುಳುಗಿದ. ಅವ್ವ ಚೀರಿದಳು. ಹೋತದ ಕೋಡು ಹಿಡಿದೇ ಮೇಲೆದ್ದು, ಕೆಮ್ಮುತ್ತ ಹಿಂದೆ ಸರಿದು, ಎಡಕ್ಕೆ ಹೊರಳಿ ಕಾಲಾಡಿಸಿ ನೆಲ ಹುಡುಕಿಕೊಂಡ. ಆಚೆ ದಂಡೆಯ ಜಾಲಿಗಿಡಕ್ಕೆ ಹೋತವನ್ನು ಕಟ್ಟಿ, ದಾಟಿದ ಜಾಡಿನಲ್ಲೇ ತಿರುಗಿ ಬಂದ. ಮಗಳನ್ನು ಹೆಗಲಿಗೇರಿಸಿಕೊಂಡ. ನಾನು ಆತನ ಅಂಗಿ ಹಿಡಿದು ಹಿಂದೆ ಇಳಿದೆ. ನೀರು ನನ್ನ ಕೊರಳಿಗೆ ಬಂದಾಗ ಕಣ್ಣು ಮುಚ್ಚಿಕೊಂಡೆ. ನಮ್ಮ ಬೆನ್ನಿಗೆ ಕುರಿಗಳು, ಕೊನೆಗೆ ಅವ್ವ. ಮರಿಗಳಲ್ಲಿ ಕೆಲವು ದಂಡೆ ಮುಟ್ಟಲಿಲ್ಲ.

ಅಪ್ಪನ ಕೈಯಿಂದ ಮಗಳನ್ನು ಕಸಿದುಕೊಂಡು, ಒದ್ದೆ ಸೀರೆಯಲ್ಲೇ ರಸ್ತೆಗೆ ನಡೆದೆ. ಮೂರು ವಾರ ಫೋನ್ ಮಾಡಲಿಲ್ಲ. ಕೊನೆಗೆ ಅವ್ವನೇ ಮಾಡಿದಳು. ಅಪ್ಪ ಸರಿಯಾಗಿ ಉಣ್ಣುತ್ತಿಲ್ಲ ಎಂದಳು. ಆತನಿಗೆ ಕುರಿ ಇವೆಯಲ್ಲ, ನಾನೇಕೆ ಎಂದೆ. ಅವ್ವ ಹೇಳಿದಳು:

"ಹಳ್ಳದಾಗ ತಗ್ಗು ಎಲ್ಲೈತಂತ ಗೊತ್ತಿರಲಿಲ್ಲವ್ವಾ. ಮುಳುಗಿದ್ರ ನಾನೊಬ್ಬನ ಮುಳುಗಲಿ, ಕೂಸಿನ ಹೊತ್ಕೊಂಡು ಹ್ಯಾಂಗ ಇಳೀಲಿ ಅಂದ ನಿಮ್ಮಪ್ಪ."

ಫೋನ್ ಅಪ್ಪನಿಗೆ ಕೊಡು ಎಂದೆ. ಏನೇನೋ ಹೇಳಬೇಕಿತ್ತು. ಅಷ್ಟರಲ್ಲಿ ಆತನೇ ಕೇಳಿದ, "ಕೂಸು ಉಂಡೈತೇನು?"

"ಉಂಡೈತಪ್ಪಾ," ಎಂದೆ. ಫೋನನ್ನು ಮಗಳ ಕಿವಿಗೆ ಹಿಡಿದೆ.